ತಲೆಕೆಳಗು ಲೇಬಲ್ಲಿನ ಇಂಗ್ಲಿಷ್ ಮೇಷ್ಟ್ರು

ನಮ್ಮ ರಾಯದುರ್ಗದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಬರುವುದು ಫ್ಲೆಕ್ಸು, ಆಮೇಲೆ ನೆಂಟರು. ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಸತ್ತವರು ಬೀದಿ ತಿರುವಿನಲ್ಲಿ ಕೈಮುಗಿದು ನಗುತ್ತ ನಿಂತುಬಿಟ್ಟಿರುತ್ತಾರೆ. ಕೆಳಗೆ ತೆಲುಗಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು, ಮರ್ಯಾದೆಗೆ ಕಡಿಮೆಯಾಗದಿರಲೆಂದು ಇಂಗ್ಲಿಷಿನಲ್ಲಿ ಒಂದು ಸಾಲು. ಈ ಬೇಸಿಗೆ ರಜೆಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡಾಗ ಮಾತ್ರ ಮಧ್ಯಾಹ್ನವಾದರೂ ಫ್ಲೆಕ್ಸು ಬರಲಿಲ್ಲ. ವಿಚಾರಿಸಲು ಹೋದ ನನ್ನ ಮುಂದೆ ಅಂಗಡಿಯವನು ಕೈಮುಗಿದು ನಿಂತ. ಊರಿನ ಹುಟ್ಟುಹಬ್ಬಗಳನ್ನೂ ಸಾವುಗಳನ್ನೂ ಕಣ್ಣು ಮಿಟುಕಿಸದೆ ಅಚ್ಚು ಹಾಕಿದ ಗಟ್ಟಿ ಮನುಷ್ಯ ಅವನು.

“ಪಂಡಿತ್ರೆ, ಫೋಟೋ ರೆಡಿ ಐತ್ರಿ. ಕನ್ನಡ ಹಾಕೀನಿ, ತೆಲುಗು ಹಾಕೀನಿ. ಇಂಗ್ಲಿಷ್ ಮಾತ್ರ ನನ್ನ ಕೈಲಿ ಆಗಂಗಿಲ್ರಿ. ಒಂದಕ್ಷರ ಆಚೀಚಿ ಆದ್ರ ಆ ಮನುಷ್ಯಾರು ಎದ್ದು ಬರ್ತಾರ್ರಿ.”

ಕಡೆಗೆ ಇಂಗ್ಲಿಷ್ ಇಲ್ಲದೆಯೇ ಫ್ಲೆಕ್ಸು ಕಟ್ಟಿದರು. ಜೀವಮಾನವೆಲ್ಲ ಊರಿಗೆ ಇಂಗ್ಲಿಷ್ ಕಲಿಸಿದವರಿಗೆ ಊರು ಸಲ್ಲಿಸಿದ ಗುರುದಕ್ಷಿಣೆ ಇದು. ಅವರು ಬದುಕಿದ್ದರೆ ಖುಷಿಪಡುತ್ತಿದ್ದರು, ಇಷ್ಟಾದರೂ ಭಯ ಉಳಿದಿದೆಯಲ್ಲ ಎಂದು.

ಪಂಡಿತ್ರು ಅಂದರೆ ನಾನು. ಸಂಸ್ಕೃತ ಗಿಂಸ್ಕೃತ ಏನೂ ಇಲ್ಲ. ಆಂಧ್ರದ ಶಾಲೆಗಳಲ್ಲಿ ಭಾಷೆ ಕಲಿಸುವವನನ್ನು ಹಾಗೆ ಕರೆಯುವುದು ವಾಡಿಕೆ. ಮಡಕಶಿರಾ ಕಡೆಯ ಹಳ್ಳಿಯವನು. ರಾಗಿ, ಕಡಲೆಕಾಯಿ, ರೇಷ್ಮೆಹುಳುಗಳ ನಡುವೆ ಬೆಳೆದವನು. ಕೆಲಸದ ಮೇಲೆ ರಾಯದುರ್ಗಕ್ಕೆ ಬಂದಾಗ ಇಲ್ಲಿಯವರ ಮರ್ಯಾದೆ ಕಂಡು ಹೆದರಿದ್ದೆ. ನಮ್ಮ ಕಡೆ ದೇವರನ್ನೂ ಏಕವಚನದಲ್ಲಿ ಮಾತಾಡಿಸುತ್ತೇವೆ. ಇಲ್ಲಿ ನಾಯಿಗೂ ‘ರಿ’ ಹಚ್ಚಿ ಓಡಿಸುತ್ತಾರೆ. ನಾನು ಸೇರಿದ ಹೈಸ್ಕೂಲಿನಲ್ಲಿ ಕನ್ನಡ ವಿಭಾಗವೆಂದರೆ ನೀರಿನ ಟ್ಯಾಂಕಿನ ಪಕ್ಕದ ಒಂದು ಸಾಲು ಕೋಣೆ. ಉಳಿದ ಕಟ್ಟಡವೆಲ್ಲ ತೆಲುಗಿನದು, ಇಂಗ್ಲಿಷ್ ಮೀಡಿಯಮ್ಮಿನದು. ಪ್ರತಿ ಜೂನ್ ತಿಂಗಳಲ್ಲೂ ನಮ್ಮ ವಿಭಾಗ ಈ ವರ್ಷ ಮುಚ್ಚುತ್ತದೆ ಎಂಬ ಸುದ್ದಿ ಮಕ್ಕಳಿಗಿಂತ ಮೊದಲು ಶಾಲೆಗೆ ಬರುತ್ತಿತ್ತು. ಮುಚ್ಚಿದರೆ ಕನ್ನಡ ಅಲ್ಲಿಗೆ ಮುಗಿಯಿತು, ನನ್ನನ್ನು ಹೆಚ್ಚುವರಿ ಸಾಮಾನಿನಂತೆ ಬೆಳುಗುಪ್ಪದ ಆಚೆ ಎಲ್ಲಾದರೂ ಇಳಿಸಿ ಬರುತ್ತಿದ್ದರು. ಇಂಥ ವಿಭಾಗದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಈ ಮೇಷ್ಟ್ರು.

ಮೇಷ್ಟ್ರು ಅಂದರೆ ಸಣಕಲು ದೇಹ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು. ಸ್ಪೆಲ್ಲಿಂಗ್ ಅಂದರೆ ಬೆಂಕಿ. ಉಚ್ಚಾರಣೆ ಮಾತ್ರ ಅಪ್ಪಟ ರಾಯದುರ್ಗದ್ದು: ‘ಇಸ್ಕೂಲು’, ‘ಇಸ್ಟೇಷನ್ನು’. ಯಾರಾದರೂ ಎತ್ತಿ ಆಡಿದರೆ, “ಬಾಯಿ ನಮ್ಮಪ್ಪಂದ್ರಿ, ಕೈ ನನ್ನದು” ಅನ್ನುತ್ತಿದ್ದರು. ಕೈಯ ಬಗ್ಗೆ ಅವರಿಗೆ ವಿಪರೀತ ಜಂಬವಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವಿರಲಿಲ್ಲ.

ತಪ್ಪು ಬರೆದ ಬೋರ್ಡು ಕಂಡರೆ ನೀವು ನಾನು ನಕ್ಕು ಮುಂದೆ ಹೋಗುತ್ತೇವೆ. ಹೆಚ್ಚೆಂದರೆ ಫೋಟೋ ತೆಗೆದು ಗ್ರೂಪಿಗೆ ಹಾಕಿ ಹತ್ತು ಜನರನ್ನು ನಗಿಸುತ್ತೇವೆ. ಮೇಷ್ಟ್ರು ನಗುತ್ತಿರಲಿಲ್ಲ. ತಪ್ಪು ಯಾರ ಮನೆಯದು ಎಂದು ಹುಡುಕಿಕೊಂಡು ಹೋಗುತ್ತಿದ್ದರು. ಬೋರ್ಡು ಬರೆದವನು, ಬರೆಸಿದವನು, ಬರೆಸಿದವನಿಗೆ ಹೇಳಿಕೊಟ್ಟವನು, ಹೀಗೆ ಸಾಲಾಗಿ ಮೂಲಕ್ಕೆ ಹೋಗಿ ಅಲ್ಲಿ ಚಪ್ಪಲಿ ಬಿಟ್ಟು ಕೂತು ಚಹಾ ಕುಡಿದು, ಆಮೇಲೆ ಕೇಳುತ್ತಿದ್ದರು: “ಇದರ ಅರ್ಥ ಏನ್ರಿ?”

ಅಷ್ಟೇ. ಸ್ಪೆಲ್ಲಿಂಗ್ ಎತ್ತುತ್ತಿರಲಿಲ್ಲ. ಅರ್ಥ ಹೇಳಿದರೆ ಮಾತ್ರ ಸ್ಪೆಲ್ಲಿಂಗ್. ಹೇಳದಿದ್ದರೆ ಮರುದಿನ ಮತ್ತೆ ಬರುತ್ತಿದ್ದರು. ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ನೋಟ್‌ಬುಕ್ಕು ಪೆನ್ಸಿಲ್ಲು ಮಾರುವವರೊಬ್ಬರು ಅಂಗಡಿಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಸ್ಟೇಷನರಿ ಎಂದು ಬರೆಸಿದ್ದರು. ಇ ಬರುವಲ್ಲಿ ಎ ಬಂದಿತ್ತು. ಮೇಷ್ಟ್ರು ಗಲ್ಲಾಪೆಟ್ಟಿಗೆಯ ಪಕ್ಕವೇ ಸ್ಟೂಲು ಎಳೆದುಕೊಂಡು ಕೂತರು.

“ನೀವು ಮಾರೋದೇನ್ರಿ?”

“ನೋಟ್ಬುಕ್ಕು, ಪೆನ್ನು, ರಬ್ಬರು. ಕಾಣಂಗಿಲ್ಲೇನ್ರಿ?”

“ಕಾಣತೈತ್ರಿ. ಆದರ ನೀವು ಮ್ಯಾಲೆ ಬರೆಸಿದ್ದು ‘ಕದಲದೆ ನಿಂತಿದ್ದು’ ಅಂತ. ಇ ಹಾಕಿದ್ರ ಕಾಗದ ಪೆನ್ನು, ಎ ಹಾಕಿದ್ರ ನಿಂತ ಗಾಡಿ.”

ಅಂಗಡಿಯವರು ಜಾಣರು. ಬೀದಿ ನೋಡಿದರು, ಖಾಲಿ ಅಂಗಡಿ ನೋಡಿದರು. “ಹಂಗಾರ ಎ ಇರ್ಲಿ ಬಿಡ್ರಿ ಸಾರ್. ಮುಂಜಾನಿಂದ ಏನೂ ಕದಲಿಲ್ಲ” ಅಂದರು. ಮೇಷ್ಟ್ರು ಶಾಲೆಗೆ ಬಂದು ಇದನ್ನು ನನಗೆ ಹೇಳಿ, “ನೋಡ್ರಿ ಪಂಡಿತ್ರೆ, ಅರ್ಥ ತಿಳಕೊಂಡು ತಪ್ಪು ಮಾಡೋನ ಮುಂದ ನಾನು ಕೈಮುಗೀತೀನ್ರಿ” ಅಂದರು. ಆ ಬೋರ್ಡು ಇವತ್ತಿಗೂ ಹಾಗೇ ಇದೆ, ಅಂಗಡಿಯೂ.

ಮದುವೆ ಮನೆಗಳಿಗೆ ಅವರದೊಂದು ಕಾಟ. ಲಗ್ನಪತ್ರಿಕೆ ಕೈಗೆ ಕೊಟ್ಟರೆ ಸಂಜೆಯೊಳಗೆ ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಸಹಿ ಹಾಕಿ ವಾಪಸ್ಸು ತಂದುಕೊಡುತ್ತಿದ್ದರು. ವಧೂವರರಿಗೆ ಬಂದ ಉಡುಗೊರೆಯ ಡಬ್ಬಿಯ ಮೇಲೆ ಕಾಂಪ್ಲಿಮೆಂಟ್ಸ್ ಎಂಬುದರ ನಡುವೆ ಐ ಬದಲು ಇ ಕಂಡರೆ, ಇದು ಶುಭಾಶಯವಲ್ಲ, ‘ಕಮ್ಮಿ ಬಿದ್ದದ್ದನ್ನು ತುಂಬುವ ವಸ್ತು’ ಎಂದು ವೇದಿಕೆಯ ಮೇಲೇ ವಿವರಿಸುತ್ತಿದ್ದರು. ಹೆಣ್ಣಿನ ಕಡೆಯವರು ಗಂಡಿನ ಕಡೆಗೆ ಏನು ಕಮ್ಮಿ ಬಿತ್ತು ಎಂದು ಗಾಬರಿಯಾಗುತ್ತಿದ್ದರು. ಸಿರಿವಂತರೊಬ್ಬರು ಊಟದ ಪಟ್ಟಿಯನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ಕೊನೆಯ ಸಿಹಿತಿಂಡಿಯ ‘ಡೆಸರ್ಟ್’ಗೆ ಎರಡು ಎಸ್ ಹಾಕುವಲ್ಲಿ ಒಂದೇ ಹಾಕಿ ಉಳಿತಾಯ ಮಾಡಿದ್ದರು. ಮೇಷ್ಟ್ರು ಪಂಕ್ತಿಯಲ್ಲಿ ಕೂತವರು ಎಲೆಯ ಮುಂದೆ ಗಟ್ಟಿಯಾಗಿ ಕೇಳಿಯೇಬಿಟ್ಟರು: “ಮರಳುಗಾಡು ಯಾವಾಗ ಬಡಸ್ತೀರ್ರಿ? ಬೊಮ್ಮನಹಾಳ ಕಡೆ ದಿಬ್ಬಗಟ್ಲೆ ಬಿದ್ದೈತಿ, ತರಸ್ಬೇಕಿತ್ತೇನ್ರಿ?” ಅಂದಿನಿಂದ ಊರಿನವರೆಲ್ಲ ಅವರನ್ನು ಬಾಯಿಮಾತಿನಲ್ಲಿ ಕರೆಯತೊಡಗಿದರು. “ಪತ್ರಿಕೆ ಮುಗದಾವ್ರಿ ಸಾರ್, ತಪ್ಪು ತಿಳೀಬ್ಯಾಡ್ರಿ” ಅನ್ನುತ್ತಿದ್ದರು, ಪತ್ರಿಕೆಗಳ ಕಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

ಅವರ ಪತ್ನಿಯೂ ಸಾಮಾನ್ಯರಲ್ಲ. “ನಿಮ್ಮ ಮೇಷ್ಟ್ರು ನನ್ನ ಕಿರಾಣಿ ಚೀಟಿ ತಿದ್ದಿಕೊಂಡು ಕೂತ್ರ ಅಂಗಡಿ ಬಾಗಲಾ ಹಾಕಿಬಿಡ್ತಾರ. ಅಕ್ಷರ ಎಲ್ಲಾ ಸರಿಯಾಗಿರತಾವ, ಬ್ಯಾಳಿ ಇರಂಗಿಲ್ಲ” ಎಂದು ನಮ್ಮ ಮುಂದೆಯೇ ಹೇಳುತ್ತಿದ್ದರು.

ಇನ್ನು ತರಗತಿ. ಮಿಕ್ಕ ಮೇಷ್ಟ್ರುಗಳು ಮನೆಪಾಠವೆಂದು ಪುಟಗಟ್ಟಲೆ ಬರೆಸುತ್ತಿದ್ದರೆ ಇವರು ಮಕ್ಕಳ ಕೈಗೆ ದಿನಕ್ಕೊಂದೇ ಪದ ಕೊಟ್ಟು ಕಳಿಸುತ್ತಿದ್ದರು. ಎಲ್ಲರೂ ತಪ್ಪು ಬರೆಯುವ ಪದವೇ ಆಗಬೇಕು. ಅದನ್ನು ಬರೆದು ತರುವುದಲ್ಲ. ಮನೆಗೆ ಹೋಗಿ ಅವ್ವನಿಗೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ, ಅವ್ವ ಏನಂದಳೆಂಬುದನ್ನು ಮರುದಿನ ಬಂದು ಹೇಳಬೇಕು. ಅವ್ವ ಏನೂ ಅನ್ನದಿದ್ದರೆ ಅರ್ಥ ಮುಟ್ಟಿಲ್ಲವೆಂದು ಅದೇ ಪದವನ್ನು ಮತ್ತೆ ಕಳಿಸುತ್ತಿದ್ದರು. ನಮ್ಮ ಎರಡು ಕೋಣೆಗಳ ನಡುವೆ ಗೋಡೆ ಹೆಸರಿಗೆ ಮಾತ್ರ ಇದ್ದದ್ದರಿಂದ ನನಗೂ ಊರಿನ ಸಂಸಾರಗಳೆಲ್ಲ ಕೇಳಿಸುತ್ತಿದ್ದವು.

“ಸೆಪರೇಟ್. ನಡುವ ಎ, ಇ ಅಲ್ಲ. ಬ್ಯಾರೆ ಬ್ಯಾರೆ ಅಂತ ಅರ್ಥ. ನಿಮ್ಮವ್ವ ಏನಂದ್ಲಲೇ?”

“ಅತ್ತೀ ಮನಿಯಿಂದ ಆಗ್ಬೇಕಂತ ನಾನೂ ಬಡಕೊಳ್ಳಾಕತ್ತೀನಿ ಅಂದ್ಲ್ರಿ.”

“ನೆಸೆಸರಿ. ಸಿ ಒಂದು, ಎಸ್ ಎರಡು. ಬೇಕೇ ಬೇಕಾದ್ದು ಅಂತ ಅರ್ಥ. ನಿಮ್ಮವ್ವ?”

“ನಿಮ್ಮಪ್ಪ ಅಲ್ಲ ಅಂದ್ಲ್ರಿ.”

“ಎಂಬರಾಸ್. ಆರ್ ಎರಡು, ಎಸ್ ಎರಡು. ನಾಚಿಕಿಯಿಂದ ಕುಗ್ಗೋದು.”

“ನಿಮ್ಮ ಸ್ವಾದರಮಾವಗ ಗೊತ್ತಿಲ್ಲದ್ದು ಅಂದ್ಲ್ರಿ.”

ಇಡೀ ತರಗತಿ ಬಿದ್ದುಬಿದ್ದು ನಗುತ್ತಿತ್ತು. ಪಕ್ಕದ ಕೋಣೆಯಲ್ಲಿ ನಾನು ಹಳಗನ್ನಡದ ಪದ್ಯವನ್ನು ಎಷ್ಟು ರಾಗವಾಗಿ ಓದಿದರೂ ಮಕ್ಕಳ ಕಿವಿಯೆಲ್ಲ ಗೋಡೆಯ ಆ ಕಡೆ. ಗಂಡಸರು ಕೆಲವರು ಹೆಡ್ಮಾಸ್ಟರ ಹತ್ತಿರ ದೂರು ಒಯ್ದರು. ಇಂಗ್ಲಿಷ್ ಕಲಿಸ್ರಿ ಅಂದ್ರ ನಮ್ಮ ಮನಿ ಜಗಳ ಸಾಲಿಗೆ ತರಸ್ತಾರ ಎಂಬುದು ಅವರ ಅಳಲು. ಹೆಡ್ಮಾಸ್ಟರು ಕರೆಸಿ ಬೈದರು. ಮೇಷ್ಟ್ರು ಬೈಗುಳದಲ್ಲಿ ಒಂದು ಇಂಗ್ಲಿಷ್ ಪದ ತಪ್ಪಿದ್ದನ್ನು ತೋರಿಸಿ ಹೊರಬಂದರು.

ನಾನೂ ಒಮ್ಮೆ ಕೇಳಿದೆ. “ಅಲ್ಲಾ ಸಾರ್, ಆ ಹೆಂಗಸರೇನು ಪರೀಕ್ಷೆ ಬರೀತಾರಾ? ಯಾಕಿಂಗೆ ಊರೋರ್ ಹತ್ರೆಲ್ಲ ಮಾತು ಕೇಳ್ತೀರಾ?”

“ಪಂಡಿತ್ರೆ, ಮಗು ಅವ್ವಗ ಹೇಳಿದ್ದನ್ನ ಮರಿಯಂಗಿಲ್ರಿ. ನನಗ ಹೇಳಿದ್ದನ್ನ ಗಂಟಿ ಹೊಡಿಯೂದ್ರಾಗ ಮರೀತದ” ಅಂದರು. ಮಾತು ಸರಿಯಾಗಿತ್ತು. ಆ ಕಾರಣಕ್ಕೇ ನನಗೆ ಸಿಟ್ಟು ಬಂತು.

ಜೀನ್ಸ್ ಪ್ಯಾಂಟಿನ ಕಥೆಯಿಲ್ಲದೆ ರಾಯದುರ್ಗದ ಕಥೆಯಿಲ್ಲ. ಇಲ್ಲಿ ಸಂದಿಗೊಂದಿಯಲ್ಲೆಲ್ಲ ಹೊಲಿಗೆ ಯಂತ್ರದ ಸದ್ದು. ದೊಡ್ಡ ಯೂನಿಟ್ಟುಗಳು ಬಟ್ಟೆ ಕತ್ತರಿಸಿ ಕೊಡುತ್ತವೆ, ಹೆಂಗಸರು ಮನೆಯಲ್ಲಿ ಅಡುಗೆಯ ನಡುವೆ ಹೊಲಿದು ಕೊಡುತ್ತಾರೆ. ಪ್ರಪಂಚದಲ್ಲಿ ಯಾವ ಕಂಪನಿಯ ಪ್ಯಾಂಟು ಬೇಕಿದ್ದರೂ ನಮ್ಮಲ್ಲಿ ಸಿಗುತ್ತದೆ, ಕಂಪನಿಗೆ ಗೊತ್ತಿರುವುದಿಲ್ಲ ಅಷ್ಟೇ. ಒಂದು ಸಂಜೆ ಮೇಷ್ಟ್ರು ಬಜಾರಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಯೂನಿಟ್ಟಿನ ಮುಂದೆ ವಾಪಸ್ಸು ಬಂದ ಪ್ಯಾಂಟುಗಳ ರಾಶಿ ಬಿದ್ದಿತ್ತು. ಪ್ರತಿಯೊಂದರ ಹಿಂದೆಯೂ ಸೊಂಟದ ಪಟ್ಟಿಯ ಕೆಳಗೆ ಅಂಗೈಯಗಲದ ಲೇಬಲ್ಲು. ಅದರಲ್ಲಿ ಇಂಗ್ಲಿಷಿನ ದಪ್ಪಕ್ಷರದಲ್ಲಿ ಒರಿಜಿನಲ್ ಎಂದಿತ್ತು. ನಡುವಿನ ಒಂದು ಐ ನಾಪತ್ತೆ. ಅಷ್ಟೇ ಆಗಿದ್ದರೆ ಮೇಷ್ಟ್ರಿಗೆ ದಿನನಿತ್ಯದ ವಿಷಯ. ಆದರೆ ಲೇಬಲ್ಲುಗಳೆಲ್ಲ ತಲೆಕೆಳಗಾಗಿದ್ದವು.

“ಸ್ಪೆಲ್ಲಿಂಗ್ ತಪ್ಪೋದು ಕಂಡೀನ್ರಿ, ಪದಾನೇ ಶೀರ್ಷಾಸನ ಹಾಕೋದು ಇದೇ ಮೊದಲು. ನಡೀರಿ” ಅಂದರು. ತಪ್ಪಿನ ಮನೆ ಹುಡುಕಿಕೊಂಡು ಹೊರಟೆವು.

ಹೊಲಿದವಳು ಹೊನ್ನೂರಮ್ಮ. ಬೆಟ್ಟದ ಕೆಳಗಿನ ಓಣಿಯಲ್ಲಿ ಮನೆ. ದೊಡ್ಡ ಮಗಳು ನಮ್ಮ ವಿಭಾಗದಲ್ಲೇ ಏಳನೇ ತರಗತಿ, ಚಿಕ್ಕದು ಆಗಷ್ಟೇ ತೊಟ್ಟಿಲಿನಿಂದ ಇಳಿದು ಯಂತ್ರದ ಕೆಳಗೆ ದಾರದ ಉಂಡೆಯ ಜೊತೆ ಆಡುತ್ತಿತ್ತು. ಇಬ್ಬರು ಮೇಷ್ಟ್ರುಗಳು ಒಟ್ಟಿಗೆ ಬಂದದ್ದು ಕಂಡು ಆಕೆ ಮಗಳನ್ನು ಬೈಯಲು ಸಿದ್ಧಳಾದಳು. ವಿಷಯ ಲೇಬಲ್ಲಿನದೆಂದು ತಿಳಿದ ಮೇಲೆ ತಲೆ ತಗ್ಗಿಸಿದಳು.

“ಮೊದಲ ಕುದುರಿ ಚಿತ್ರ ಇರ್ತಿತ್ರಿ ಸಾರ್. ಕುದುರಿ ಕಾಲು ಕೆಳಗ ಬರಂಗ ಹೊಲೀತಿದ್ವಿ. ಈ ಸಲ ಕುದುರಿ ತಗದುಬಿಟ್ಟಾರ್ರಿ. ಬರೇ ಅಕ್ಷರ. ಅದನ್ನ ಹಿಂಗ ಹಿಡಿದ್ರೂ ಹಂಗ ಹಿಡಿದ್ರೂ ಅದೇ ಗುಂಡು, ಅದೇ ಕೋಲು. ನಮಗೇನ್ ತಿಳೀಬೇಕ್ರಿ?”

ಮೇಷ್ಟ್ರು ಲೇಬಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಓ, ಐ, ಎನ್ ಮೂರೂ ತಲೆಕೆಳಗಾದರೂ ಹಾಗೆಯೇ ನಿಲ್ಲುವ ಅಕ್ಷರಗಳು. ಇಂಗ್ಲಿಷಿನ ಮೇಲೆ ಅವರು ಮೊಟ್ಟಮೊದಲ ಬಾರಿಗೆ ಮುನಿಸಿಕೊಂಡದ್ದನ್ನು ನಾನು ಕಂಡೆ. ಆಮೇಲೆ ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು.

“ಇದರ ಅರ್ಥ ಏನಂತ ಗೊತ್ತೈತೇನಮ್ಮ?”

“ಪ್ಯಾಂಟಿನ ಹೆಸರಲ್ಲೇನ್ರಿ?”

ಒಳಗಿನಿಂದ ಮಗಳು ಕೂಗಿದಳು: “ಅಸಲಿ ಅಂತ ಅರ್ಥ ಬೇ ಯವ್ವಾ!”

ಹೊನ್ನೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಿಲ್ಲಿಸಲಾರದಷ್ಟು ನಕ್ಕಳು. “ಅಸಲೀನಾ? ಯಾವನೋ ಕಂಪನೀದು ನೋಡಿ ನಮ್ಮ ಸಾವ್ಕಾರ ನಕಲು ಮಾಡಸ್ತಾನ, ನಾನು ಮ್ಯಾಲೆ ಅಸಲಿ ಅಂತ ಹೊಲದು ಕೊಡ್ತೀನೇನ್ರಿ?”

ಮೇಷ್ಟ್ರು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. “ಹೊಲಿಗಿ ಅಸಲಿ ಐತಲ್ಲಮ್ಮ” ಅಂದರು.

ಮರುದಿನ ಯೂನಿಟ್ಟಿನವರು ಆಕೆಯಿಂದ ಲೇಬಲ್ಲುಗಳನ್ನೆಲ್ಲ ಬಿಚ್ಚಿಸಿ ಮತ್ತೆ ಹೊಲಿಸಿದರು, ಒಂದನ್ನು ಬಿಟ್ಟು. ಅದೊಂದನ್ನು ಮೇಷ್ಟ್ರು ಹಾಗೇ ಕೊಂಡುಕೊಂಡಿದ್ದರು. ಕೊಂಡದ್ದಷ್ಟೇ ಅಲ್ಲ, ಸೋಮವಾರ ಅದನ್ನೇ ಹಾಕಿಕೊಂಡು ಬಿಳಿ ಅಂಗಿಯನ್ನು ಒಳಗೆ ಸಿಕ್ಕಿಸಿ ಪ್ರಾರ್ಥನೆಗೆ ಬಂದು ನಿಂತರು. ಮುದುಕರಾಗುತ್ತ ಬಂದ ಇಂಗ್ಲಿಷ್ ಮೇಷ್ಟ್ರು, ಹಿಂದೆ ತಪ್ಪು ಸ್ಪೆಲ್ಲಿಂಗು, ಅದೂ ತಲೆಕೆಳಗು. ಊರಿಗೆ ಹಬ್ಬವಾಯಿತು. ಯಾರ ಬೋರ್ಡುಗಳನ್ನೆಲ್ಲ ಅವರು ಹಿಡಿದಿದ್ದರೋ ಅವರೆಲ್ಲ ಅಂಗಡಿಯಿಂದ ಹೊರಬಂದು ಅವರು ಹಾದುಹೋಗುವ ತನಕ ಕಾದು ನಿಂತು, ಹಿಂದಿನಿಂದ ನೋಡಿ ತೃಪ್ತಿಪಟ್ಟರು. ಸ್ಟೇಷನರಿ ಅಂಗಡಿಯವರಂತೂ, “ಇದರ ಅರ್ಥ ಏನ್ರಿ ಸಾರ್?” ಎಂದು ಬೀದಿಯಲ್ಲೇ ಕೇಳಿ ಹಳೆಯ ಲೆಕ್ಕ ತೀರಿಸಿಕೊಂಡರು. ಮೇಷ್ಟ್ರು ನಿಂತು ನಿಧಾನವಾಗಿ ಅರ್ಥ ಹೇಳಿ ಮುಂದೆ ಹೋದರು.

“ಯಾಕ್ ಸಾರ್ ಬೇಕಿತ್ತು ಈ ಅವತಾರ? ನೆಟ್ಟಗೆ ಹೊಲಿಸ್ಕಂಡಾದ್ರೂ ಹಾಕ್ಕಬಾರ್ದಾ?” ಎಂದೆ ನಾನು.

“ಇದನ್ನ ಹೊಲಿದಾಕಿ ಈಗ ಈ ಪದ ಓದ್ತಾಳ್ರಿ. ಮಗಳು ಒಂದೊಂದೇ ಅಕ್ಷರ ತೋರಿಸ್ಯಾಳ. ಓದಾಕ ಬರದಿದ್ದಾಗ ಹೊಲಿದಿದ್ದು ಇದೊಂದೇ ಉಳದೈತಿ. ಇರ್ಲಿ ಬಿಡ್ರಿ” ಅಂದರು. ಹೊನ್ನೂರಮ್ಮ ಎದುರಾದಾಗಲೆಲ್ಲ “ಬಿಚ್ಚಿ ಸರಿ ಮಾಡ್ಕೊಡ್ತೀನಿ ಕೊಡ್ರಿ ಸಾರ್” ಎಂದು ಗೋಗರೆಯುತ್ತಿದ್ದಳು. ಕೊಡಲಿಲ್ಲ.

ಹೀಗೇ ಅವರ ನಿವೃತ್ತಿ ಬಂತು. ಬೀಳ್ಕೊಡುಗೆ ಸಮಾರಂಭದಲ್ಲಿ ನಾವೆಲ್ಲ ಅವರ ಗುಣಗಾನ ಮಾಡಿದೆವು. ಅವರಿದ್ದಷ್ಟು ದಿನ ಅವರ ಕಣ್ಣಿಗೆ ಬೀಳದೆ ರಜೆ ಅರ್ಜಿ ಬರೆಯಲು ಹೆಣಗಿದವರೇ ಶಾಲು ಹೊದಿಸಿದರು. ಮೇಷ್ಟ್ರು ಮಾತಾಡಿದ್ದು ಸ್ವಲ್ಪವೇ. “ನಾನು ಹೋಗ್ತೀನಿ, ಚಿಂತಿಲ್ಲ. ಈ ಕನ್ನಡ ಕೋಣಿಗಳು ಹೋಗಬಾರದು. ಇವು ಹೋದ್ರ ನನ್ನ ಇಂಗ್ಲಿಷೂ ಹೋತು” ಅಂದರು. ಇಂಗ್ಲಿಷ್ ಹುಚ್ಚನ ಬಾಯಲ್ಲಿ ಕನ್ನಡದ ಕಾಳಜಿ ಕೇಳಿ ಕೆಲವರು ಮುಸಿಮುಸಿ ನಕ್ಕರು. ಬಾಯಿ ಮುಚ್ಚಿಕೊಂಡು ಕೂತವರಲ್ಲಿ ಕನ್ನಡ ಪಂಡಿತನೊಬ್ಬನೂ ಇದ್ದ.

ಜೂನ್ ತಿಂಗಳು ಸುದ್ದಿ ಬಂತು, ಈ ಬಾರಿ ಅಧಿಕಾರಿಯ ಜೊತೆಗೇ ಬಂತು. ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆ. ಪೋಷಕರು ಒಪ್ಪಿದರೆ ಎಲ್ಲರನ್ನೂ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿ ನಮ್ಮ ಕೋಣೆಗಳಿಗೆ ಬೀಗ ಹಾಕುವುದೆಂದು ಸಭೆ ಕರೆದರು. ಒಪ್ಪದೆ ಏನು ಮಾಡುತ್ತಾರೆ? ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೋಗುವ ಹಳದಿ ವ್ಯಾನುಗಳನ್ನು ದಿನವೂ ನೋಡುವ ಜನ. ಸರ್ಕಾರವೇ ಪುಕ್ಕಟೆ ಇಂಗ್ಲಿಷ್ ಕೊಡುತ್ತೇನೆಂದರೆ ಬೇಡವೆನ್ನಲು ಅವರೇನು ಕನ್ನಡ ಪಂಡಿತರೇ? ನಾನು ಮನೆಯಲ್ಲಿ ಟ್ರಂಕು ಇಳಿಸಿ ಧೂಳು ಒರೆಸಲು ಹೇಳಿ ಬಂದಿದ್ದೆ.

ಮೇಷ್ಟ್ರನ್ನು ಒಳಗೆ ಬಿಡಲಿಲ್ಲ. ಪೋಷಕರೂ ಅಲ್ಲ, ಸಿಬ್ಬಂದಿಯೂ ಅಲ್ಲ ಎಂದರು ಹೆಡ್ಮಾಸ್ಟರು. ಇಂಗ್ಲಿಷಿನಲ್ಲಿ ಹೇಳಿದರೆ ತಪ್ಪು ಹಿಡಿದಾರೆಂದು ಹೆದರಿ ತೆಲುಗಿನಲ್ಲಿ ಹೇಳಿದರು. ಮೇಷ್ಟ್ರು ಗೇಟಿನ ಎದುರಿನ ಚಹಾ ಬಂಡಿಯ ಹತ್ತಿರ ಅದೇ ಪ್ಯಾಂಟಿನಲ್ಲಿ ನಿಂತುಕೊಂಡರು.

ಅಧಿಕಾರಿ ಒಳ್ಳೆಯ ಮನುಷ್ಯ. ತೆಲುಗು, ಇಂಗ್ಲಿಷ್, ನಡುನಡುವೆ ಬಳ್ಳಾರಿ ಕಡೆಯ ಕನ್ನಡ ಬೆರೆಸಿ ಸಮಾಧಾನವಾಗಿ ವಿವರಿಸಿದರು. ಬಲವಂತವೇನೂ ಇಲ್ಲ, ಎಲ್ಲ ಆಪ್ಷನಲ್ ಎಂದರು. ಮುಂದಿನ ಸಾಲಿನ ಗಂಡಸರು ತಲೆಯಾಡಿಸಿದರು. ಕೈ ಎತ್ತಿರಿ ಎಂದು ಹೆಡ್ಮಾಸ್ಟರು ಹೇಳುವುದಕ್ಕೂ ಹಿಂದಿನ ಸಾಲಿನಿಂದ ಹೊನ್ನೂರಮ್ಮ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

“ಸಾಹೇಬ್ರೆ, ಅದೇನೋ ಆಪ್ಷನಲ್ ಅಂದ್ರಲ್ರಿ. ಅದರ ಅರ್ಥ ಏನ್ರಿ?”

ಗೇಟಿನ ಆಚೆ ನಿಂತವರ ದನಿಯೇ ಒಳಗೆ ಬಂದಂತಾಗಿ ನಾನು ಬೆಚ್ಚಿ ಕಿಟಕಿಯ ಕಡೆ ನೋಡಿದೆ.

“ಅಂಟೇ... ಮೀ ಇಷ್ಟಮಮ್ಮಾ. ನಿಮ್ಮ ಇಷ್ಟ” ಎಂದರು ಅಧಿಕಾರಿ.

“ಇಷ್ಟ ಇಲ್ಲಂದ್ರ?”

“ಇಲ್ಲಾಂದ್ರ ಇಲ್ಲ. ಹೀಗೇ ನಡೀತದ.”

“ಹಂಗಾರ ಹಿಂಗೇ ನಡೀಲಿ ಬಿಡ್ರಿ.”

ಮುಂದಿನ ಸಾಲಿನಿಂದ ಆಕೆಯ ಗಂಡನೇ ತಿರುಗಿ ಗದರಿದ. “ಏ, ನಿನಗೇನರ ತಿಳೀತದೇನು? ಮಕ್ಕಳಿಗೆ ಇಂಗ್ಲಿಷ್ ಬ್ಯಾಡೇನು?”

“ಬೇಕು. ನನಗೂ ಬೇಕು” ಅಂದಳು ಹೊನ್ನೂರಮ್ಮ. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು. “ನಮ್ಮ ಹುಡುಗಿ ದಿನಾ ಒಂದು ಇಂಗ್ಲಿಷ್ ಮಾತು ತರತಾಳ್ರಿ. ಕನ್ನಡದಾಗ ಬಿಡಿಸಿ ಹೇಳತಾಳ, ನನಗ ತಿಳೀತದ. ನಾಳೆ ಇಂಗ್ಲಿಷನ್ನ ಇಂಗ್ಲಿಷ್ನ್ಯಾಗ ಕಲತು ಬಂದ್ರ ಆಕಿ ನನಗ ಹೆಂಗ ಹೇಳ್ಬೇಕ್ರಿ? ಆಕಿ ಅಷ್ಟೆತ್ತರ ಹೋಗಿ ನಿಂತು, ನಾನು ಕೆಳಗ ಕುದುರಿ ಚಿತ್ರ ಹುಡುಕ್ಕೊಂತ ಕೂಡ್ಬೇಕೇನ್ರಿ?”

ಕುದುರೆಯ ವಿಷಯ ಅಧಿಕಾರಿಗೆ ತಿಳಿಯಲಿಲ್ಲ. ಹಿಂದಿನ ಸಾಲಿನ ಹೆಂಗಸರಿಗೆ ತಿಳಿಯಿತು. ಎಲ್ಲರೂ ಹೊಲಿಯುವವರೇ. ಒಬ್ಬಳು ಎದ್ದಳು, ಇನ್ನೊಬ್ಬಳು ಎದ್ದಳು, ಆಮೇಲೆ ಸಾಲಿಗೆ ಸಾಲೇ ಎದ್ದು ನಿಂತಿತು. ಗಂಡಸರು ಎತ್ತಬೇಕೆಂದಿದ್ದ ಕೈಯಿಂದ ತಲೆ ಕೆರೆದುಕೊಂಡರು. ಅಧಿಕಾರಿ ಕಾಗದ ಮಡಚಿ, “ಸರಿ ಅಮ್ಮಾ, ನಿಮ್ಮ ಇಷ್ಟ ಅಂದಮೇಲೆ ನಿಮ್ಮ ಇಷ್ಟಾನೇ” ಎಂದು ಎದ್ದರು.

ನಾನು ಗೇಟಿಗೆ ಓಡಿದೆ. ಹೇಳಬೇಕೆಂದು ಹೊರಟದ್ದು ಬಹಳವಿತ್ತು, ಬಾಯಿಗೆ ಬಂದದ್ದು ಎರಡೇ ಮಾತು.

“ಉಳೀತು ಸಾರ್.”

“ಯಾರ್ರಿ ಮಾತಾಡಿದ್ದು?”

“ಹೊನ್ನೂರಮ್ಮ. ಆಪ್ಷನಲ್ ಅಂದ್ರೆ ಅರ್ಥ ಏನು ಅಂತ ಕೇಳಿದ್ಲು.”

ಮೇಷ್ಟ್ರು ಚಹಾ ಮುಗಿಸಿದರು. ಲೋಟವನ್ನು ಬಂಡಿಯ ಮೇಲಿಟ್ಟು ಕಣ್ಣೊರೆಸಿಕೊಂಡರು. ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

“ಸ್ಪೆಲ್ಲಿಂಗ್ ಕೇಳಲಿಲ್ಲೇನ್ರಿ?”

“ಇಲ್ಲ ಸಾರ್.”

“ನಾಳಿ ಹೋಗಿ ಹೇಳಿ ಬರ್ತೀನ್ರಿ” ಎಂದು ಹೊರಟರು.

ಆಮೇಲೆ ಕೆಲವು ವರ್ಷ ಅವರು ಹೀಗೆ ಮನೆಮನೆಗೆ ಸ್ಪೆಲ್ಲಿಂಗ್ ತಲುಪಿಸುತ್ತ ಓಡಾ‌ಡಿಕೊಂಡಿದ್ದರು. ಈ ಬೇಸಿಗೆಯಲ್ಲಿ ಹೋದರು. ನಮ್ಮ ವಿಭಾಗ ಕುಂಟುತ್ತಲೇ ನಡೆದಿದೆ, ಪ್ರತಿ ಜೂನ್ ತಿಂಗಳ ಸುದ್ದಿಯೂ ನಡೆದಿದೆ. ಅವರ ಜಾಗಕ್ಕೆ ಬಂದವರ ಉಚ್ಚಾರಣೆ ಬಹಳ ಚೆನ್ನಾಗಿದೆ. ಅವರು ಯಾರ ಮನೆಗೂ ಹೋಗುವುದಿಲ್ಲ.

ಶಾಲೆ ತೆರೆದ ದಿನ ಹೊನ್ನೂರಮ್ಮನ ಚಿಕ್ಕ ಮಗಳು ಆರನೇ ತರಗತಿಗೆ ಬಂದಳು. ಹೆಗಲಲ್ಲಿ ಹೊಸ ಚೀಲ. ಹೊಸದಲ್ಲ, ಬಟ್ಟೆ ನನಗೆ ಗುರುತಿನದು. ಮೇಷ್ಟ್ರ ಪತ್ನಿ ಹೊನ್ನೂರಮ್ಮನನ್ನು ಕರೆದು ಆ ಪ್ಯಾಂಟನ್ನು ಆಕೆಯ ಕೈಗೇ ಕೊಟ್ಟಿದ್ದರಂತೆ. ಆಕೆ ಲೇಬಲ್ಲಿನ ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ. ಬಟ್ಟೆಯನ್ನೇ ತಿರುಗಿಸಿ ಹೊಲಿದಿದ್ದಳು: ಸೊಂಟದ ಕಡೆ ಚೀಲದ ತಳ, ಕಾಲಿನ ಕಡೆ ಚೀಲದ ಬಾಯಿ. ಅಷ್ಟು ವರ್ಷ ತಲೆಕೆಳಗಾಗಿ ಊರೆಲ್ಲ ತಿರುಗಿದ ಪದ ಈಗ ನೆಟ್ಟಗೆ ನಿಂತಿತ್ತು, ಕಳೆದುಹೋದ ಐ ಇಲ್ಲದೆಯೇ.

ಹಾಜರಿ ಕರೆಯುವುದನ್ನು ಬಿಟ್ಟು ನಾನು ಅವಳ ಬೆಂಚಿನ ಹತ್ತಿರ ಹೋದೆ. ಇಂಗ್ಲಿಷ್ ನನ್ನ ವಿಷಯವಲ್ಲ.

“ಇದರ ಅರ್ಥ ಏನಮ್ಮಾ?” ಎಂದೆ.

“ನಮ್ಮ ಮನಿಗೆ ಬರ್ತಿದ್ದ ಸಾರ್ ಹೇಳ್ಯಾರ್ರಿ” ಎಂದು ಎದ್ದು ನಿಂತಳು. “ಅಸಲಿ.”